ಬಲಗೈಯ ಬ್ರೇಕ್

ಕಾಯಿಲೆಯ ಮೊದಲ ಹನ್ನೊಂದು ತಿಂಗಳ ಬಗ್ಗೆ ನನ್ನ ಡೈರಿಯಲ್ಲಿ ಒಂದು ಮಾತೂ ಇಲ್ಲ. ಸೈಕಲಿನ ಬಗ್ಗೆ ಇದೆ, ಬೇಕಾದಷ್ಟು.

ಮಂಗಳೂರಿನ ನರರೋಗ ತಜ್ಞರು "ಯಾವಾಗ ಸುರುವಾದ್ದು?" ಎಂದು ಕೇಳಿದಾಗ, "ಮೂರು ತಿಂಗಳಾಯ್ತು ಸರ್" ಎಂದು ತಡವರಿಸದೆ ಹೇಳಿದ್ದೆ. ಸುಳ್ಳು ಹೇಳುವ ಉದ್ದೇಶವಿರಲಿಲ್ಲ. ಮನೆಗೆ ಬಂದು ಡೈರಿ ತೆಗೆದು ಕೂತಾಗಲೇ ಗೊತ್ತಾದದ್ದು, ಹನ್ನೊಂದು ತಿಂಗಳಿನಿಂದ ನಾನು ನನ್ನ ಕೈಯ ವಿಷಯವನ್ನು ಸೈಕಲಿನ ಹೆಸರಿನಲ್ಲಿ ಬರೆಯುತ್ತಾ ಬಂದಿದ್ದೇನೆ ಎಂದು.

ನಾನು ಪುತ್ತೂರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಕಣ್ಣಾರೆ ಕಂಡವರ ಮಾತನ್ನೂ ಸುಮ್ಮನೆ ನಂಬಬೇಡಿ, ಕಂಡು ಎಷ್ಟು ದಿನವಾದ ಮೇಲೆ ಹೇಳಿದರು ಎಂದು ಕೇಳಿ, ಎಂದು ಪ್ರತಿ ವರ್ಷ ಹೊಸ ಮಕ್ಕಳಿಗೆ ಹೇಳುವವಳು. ಆದ್ದರಿಂದ ಇದನ್ನು ಓದುವವರಿಗೂ ಮೊದಲೇ ಹೇಳುತ್ತೇನೆ. ಡೈರಿಯಲ್ಲಿ ಇರುವುದನ್ನು ಧೈರ್ಯದಿಂದ ಬರೆಯುತ್ತೇನೆ. ನೆನಪಿನಿಂದ ಬರೆಯುವುದನ್ನು ನೀವೂ ಸ್ವಲ್ಪ ಅನುಮಾನದಿಂದ ಓದಿ.

ಸೈಕಲ್ ಕೊಂಡದ್ದು ನಲವತ್ತೆರಡನೇ ವರ್ಷಕ್ಕೆ. ದಪ್ಪ ಟಯರಿನ, ಗುಡ್ಡ ಹತ್ತುವ ಸೈಕಲ್. ಅದಕ್ಕೆ ಬ್ಯಾಟರಿ, ಹಿಂದಿನ ಚಕ್ರದಲ್ಲಿ ಮೋಟಾರ್. ತುಳಿದರೆ ಅದೂ ಜೊತೆಗೆ ತುಳಿಯುತ್ತದೆ. ಹ್ಯಾಂಡಲಿನಲ್ಲಿ ಒಂದು ಪುಟ್ಟ ಥ್ರಾಟಲ್ ಉಂಟು, ಹೆಬ್ಬೆರಳಿನಲ್ಲಿ ಒತ್ತಿದರೆ ತುಳಿಯದೆಯೂ ಹೋಗುತ್ತದೆ. ಬೆಳಿಗ್ಗೆ ಕಾಲೇಜಿಗೆ ಮೊದಲು ಬೀರಮಲೆ ಗುಡ್ಡ ಹತ್ತಿ ಇಳಿಯುವುದು ನನ್ನ ಅಭ್ಯಾಸವಾಯಿತು. ಪೇಟೆಯ ದರ್ಬೆಯಲ್ಲಿ ಸೈಕಲ್ ನಿಲ್ಲಿಸಿದರೆ ಸಾಕು, ಯಾರಾದರೂ ಸುತ್ತ ಬಂದು ನಿಲ್ಲುತ್ತಿದ್ದರು.

"ಟೀಚರೇ, ಚಾರ್ಜ್ ಖಾಲಿಯಾದ್ರೆ ಎಂತ ಮಾಡುದು?"

"ತುಳಿಯುದು."

"ಹಾಗಾದ್ರೆ ಮೋಟಾರ್ ಎಂತಕ್ಕೆ ಮಾರಾಯ್ರೆ?"

ನಾನು ನಗುತ್ತಿದ್ದೆ. ಆಗ ಎಲ್ಲದಕ್ಕೂ ನಗು ಬರುತ್ತಿತ್ತು.

ಹನೀಫಾಕನ ಅಂಗಡಿ ದರ್ಬೆಯಲ್ಲಿ, ರಸ್ತೆಯಿಂದ ಮೂರು ಮೆಟ್ಟಿಲು ಕೆಳಗೆ. ವಯಸ್ಸು ಐವತ್ತೈದರ ಮೇಲೆ. ಮೂವತ್ತು ವರ್ಷ ಮಾಮೂಲಿ ಸೈಕಲ್ ರಿಪೇರಿ ಮಾಡಿ, ಈಗ ಬ್ಯಾಟರಿ ಸ್ಕೂಟರಿನವರೆಗೆ ಕಲಿತವರು. ಹೊಸ ಸೈಕಲನ್ನು ಒಂದು ವಾರವೂ ಇದ್ದ ಹಾಗೆ ಇರಲು ಬಿಡದ ಗಿರಾಕಿ ನಾನು. ಮಡ್‌ಗಾರ್ಡ್ ಬದಲಿಸಿ, ಸೀಟು ಬದಲಿಸಿ, ಪುಸ್ತಕ ಇಡಲು ಹಿಂದೆ ಕ್ಯಾರಿಯರ್ ಹಾಕಿ. "ನಿಮಗೆ ಸೈಕಲ್ ಬೇಕಾದ್ದಾ, ಇಲ್ಲ ನನ್ನ ತಲೆ ತಿನ್ಲಿಕ್ಕೆ ಒಂದು ಕಾರಣ ಬೇಕಾದ್ದಾ?" ಎಂದು ಅವರು ಕೇಳುತ್ತಿದ್ದರು. ಕೇಳಿ, ಮಾಡಿಕೊಡುತ್ತಿದ್ದರು.

ಡೈರಿಯಿಂದ ಹೀಗೆ: ಮೊದಲನೇ ತಿಂಗಳು, ಬಲಗೈಯ ಬ್ರೇಕ್ ಲಿವರ್ ದೂರ ಆಯಿತು, ಹ್ಯಾಂಡಲಿಗೆ ಹತ್ತಿರ ತರಿಸಿದೆ. ಎರಡು ತಿಂಗಳ ನಂತರ, ಹಿಡಿ ತೆಳು ಆಯಿತು, ದಪ್ಪ ರಬ್ಬರ್ ಸುತ್ತಿಸಿದೆ. ಮತ್ತೆ, ಲಿವರ್ ಇನ್ನೂ ಹತ್ತಿರ. ಐದನೇ ತಿಂಗಳು, ಗೇರ್ ಒತ್ತುವ ಗುಂಡಿ ಬಹಳ ಗಟ್ಟಿ, ಕಂಪನಿಯವರು ಹೇಗೆ ಮಾಡಿದ್ದಾರೋ. ಏಳನೇ ತಿಂಗಳು, ಥ್ರಾಟಲ್ ಎಡಕ್ಕೆ ಹಾಕಿಸಿದೆ, ಎಡಗೈಯೇ ಆರಾಮ. ಚಳಿಗೆ ಬಲಗೈ ಬೆರಳು ಮರಗಟ್ಟುತ್ತದೆ, ಗ್ಲೌಸ್ ತರಬೇಕು. ಒಂಬತ್ತನೇ ತಿಂಗಳು, ಲಿವರ್ ಇನ್ನು ಹತ್ತಿರ ಬರುವುದಿಲ್ಲವಂತೆ.

ಇವುಗಳ ನಡುವೆ ನಾನು ನೋಡದೇ ಹೋದ ಇನ್ನೊಂದು ಸಾಕ್ಷಿಯೂ ಇತ್ತು. ತಿಂಗಳಿಂದ ತಿಂಗಳಿಗೆ ಅಕ್ಷರಗಳು ದೊಡ್ಡವಾಗುತ್ತಾ, ಗೆರೆ ಬಿಟ್ಟು ಕೆಳಗೆ ಜಾರುತ್ತಾ ಹೋಗಿವೆ.

ಹತ್ತನೇ ತಿಂಗಳಲ್ಲಿ ಬೀರಮಲೆ ಇಳಿಯುವಾಗ ಬಿದ್ದೆ. ತಿರುವಿನಲ್ಲಿ ಬಲಗೈಯ ಬ್ರೇಕ್ ಹಿಡಿದೆ, ಹಿಡಿದೆ ಎಂದುಕೊಂಡೆ. ಕೆಂಪುಕಲ್ಲಿನ ಚರಂಡಿಗೆ ಸೈಕಲ್ ಸಮೇತ ಹೋದೆ. ಮೊಣಕಾಲು ಸುಲಿದದ್ದು ಬಿಟ್ಟರೆ ಏನೂ ಆಗಲಿಲ್ಲ. ಸೀದಾ ಹನೀಫಾಕನ ಅಂಗಡಿಗೆ ಹೋಗಿ ಜಗಳ ಮಾಡಿದೆ. ಬ್ರೇಕ್ ಹಿಡಿಯುವುದಿಲ್ಲ, ನೀವು ಸರಿಯಾಗಿ ನೋಡುವುದಿಲ್ಲ, ಇವತ್ತು ಸಾಯುತ್ತಿದ್ದೆ ಎಂದು.

ಅವರು ಸೈಕಲ್ ಹತ್ತಿ ಅಂಗಡಿಯ ಮುಂದೆ ಎರಡು ಸುತ್ತು ಹೊಡೆದು ಬಂದರು. ಇಳಿದು, ಸ್ಟ್ಯಾಂಡ್ ಹಾಕಿ, ಬಟ್ಟೆಯಲ್ಲಿ ಕೈ ಒರೆಸಿಕೊಂಡರು.

"ಟೀಚರೇ, ಬ್ರೇಕಿಗೆ ಎಂತದೂ ಆಗ್ಲಿಲ್ಲ. ಬೆರಳು ಒಮ್ಮೆ ಬಿಡಿಸಿ ನೋಡುವ."

"ಯಾಕೆ?"

"ಸುಮ್ಮನೆ ಬಿಡಿಸಿ."

ಬಿಡಿಸಿದೆ. ತೋರುಬೆರಳು ಎದ್ದಿತು. ಉಳಿದ ಮೂರು, ಹೇಳಿದ್ದು ಕೇಳಿಸಲಿಲ್ಲವೇನೋ ಎನ್ನುವ ಹಾಗೆ ಮಡಚಿಕೊಂಡೇ ಇದ್ದವು.

"ನನಗೆ ಎರಡು ತಿಂಗಳಿಂದ ಡೌಟ್ ಉಂಟು," ಎಂದರು ಹನೀಫಾಕ, ನನ್ನ ಮುಖ ನೋಡದೆ. "ಹೇಳುದು ಹೇಗೆ ಅಂತ ಗೊತ್ತಾಗ್ಲಿಲ್ಲ. ಡಾಕ್ಟ್ರಿಗೆ ತೋರಿಸಿ."

ಅವರೇ ಮೊದಲು ಕಂಡದ್ದು ಎಂದು ನನ್ನ ನೆನಪು. ನನ್ನ ಗಂಡ ಜಯಂತ ಮಾತ್ರ, ಅದಕ್ಕೂ ಮೊದಲೇ ಕೈ ತೋರಿಸು ಎಂದು ತಾನು ಹೇಳಿದ್ದೆ, ನೀನೇ ಕೇಳಲಿಲ್ಲ ಎನ್ನುತ್ತಾರೆ. ಡೈರಿಯಲ್ಲಿ ಅದೂ ಇಲ್ಲ, ಇದೂ ಇಲ್ಲ. ಆ ದಿನ ಬರೆದದ್ದು ಒಂದೇ ಸಾಲು: ಹನೀಫಾಕನಿಗೆ ಬೈದೆ, ತಪ್ಪಾಯಿತು.

ಪುತ್ತೂರಿನ ಡಾಕ್ಟರು ಕುತ್ತಿಗೆಯ ಮೂಳೆ ಇರಬಹುದು ಎಂದರು. ಸ್ಕ್ಯಾನಿನಲ್ಲಿ ಕುತ್ತಿಗೆ ಸರಿಯಾಗಿಯೇ ಇತ್ತು. "ಒಳ್ಳೆಯದಾಯ್ತಲ್ಲ?" ಎಂದೆ. ಅವರು ಕೂಡಲೇ ಹೌದು ಎನ್ನಲಿಲ್ಲ. ಚೀಟಿ ಬರೆದು ಮಂಗಳೂರಿಗೆ ಕಳಿಸಿದರು.

ಮಂಗಳೂರಿನ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಎದುರಿಗೆ ಒಬ್ಬ ಗಂಡ ಹೆಂಡತಿ ಕುಳಿತಿದ್ದರು. ಆತ ನನಗಿಂತ ಸ್ವಲ್ಪ ದೊಡ್ಡವರು. ಆಕೆ ಆಗಾಗ ಕೈಚೌಕದಲ್ಲಿ ಅವರ ಬಾಯಿ ಒರೆಸುತ್ತಿದ್ದರು, ಮಾತು ನಿಲ್ಲಿಸದೆ, ಪಾತ್ರೆ ಒರೆಸುವಷ್ಟು ಸಹಜವಾಗಿ. ತೊಡೆಯ ಮೇಲಿದ್ದ ಆತನ ಕೈಯಲ್ಲಿ ಹೆಬ್ಬೆರಳಿನ ಬುಡದ ಮಾಂಸ ಇಳಿದುಹೋಗಿ ಗುಳಿ ಬಿದ್ದಿತ್ತು. ನಾನು ನನ್ನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ.

"ನಿಮ್ಮದು ಯಾವ ಕೈಯಿಂದ ಸುರು?" ಎಂದು ಆಕೆ ಕೇಳಿದರು.

"ಬಲ."

"ಇವರದ್ದೂ ಬಲವೇ," ಎಂದರು. ಒಂದೇ ಊರಿನವರು ಸಿಕ್ಕಿದಾಗ ಹೇಳುತ್ತೇವಲ್ಲ, ಆ ದನಿಯಲ್ಲಿ. "ಮತ್ತೆ ಎಡಗೈ, ಮತ್ತೆ ಕಾಲು. ಈಗ ನುಂಗ್ಲಿಕ್ಕೆ ಸ್ವಲ್ಪ ಕಷ್ಟ."

ಒಳಗೆ ಕರೆದರು. ತೋಳಿಗೆ, ಮಣಿಕಟ್ಟಿಗೆ ಶಾಕ್ ಕೊಟ್ಟು ಪರೀಕ್ಷೆ ಮಾಡಿದರು. ಸೂಜಿ ಚುಚ್ಚಿ, ಕೈ ಬಿಗಿ ಮಾಡಿ, ಸಡಿಲ ಬಿಡಿ ಎಂದರು. ಯಂತ್ರದಿಂದ ಸದ್ದು ಬರುತ್ತಿತ್ತು, ತಗಡಿನ ಮಾಡಿನ ಮೇಲೆ ಯಾರೋ ಕಾಳು ಚೆಲ್ಲಿದ ಹಾಗೆ. ಎರಡು ದಿನ ಬಿಟ್ಟು ಕರೆದು ಡಾಕ್ಟರು ಹೇಳಿದ್ದು ಇಷ್ಟು: ಎರಡರಲ್ಲಿ ಒಂದು. ಒಂದು ಕಾಯಿಲೆಗೆ ಮದ್ದಿಲ್ಲ, ಅದು ನಿಲ್ಲುವುದೂ ಇಲ್ಲ. ಇನ್ನೊಂದು ಬಹಳ ಅಪರೂಪ, ಅದಕ್ಕೆ ಡ್ರಿಪ್ ಕೊಡಬಹುದು, ಕೊಡುತ್ತಾ ಇರಬೇಕು. ಪರೀಕ್ಷೆಯಲ್ಲಿ ಎರಡನ್ನೂ ಖಂಡಿತ ಎನ್ನುವ ಹಾಗಿಲ್ಲ.

"ಹಾಗಾದರೆ ಗೊತ್ತಾಗುವುದು ಹೇಗೆ?" ಜಯಂತ ಕೇಳಿದರು.

"ಐದು ದಿನ ಡ್ರಿಪ್ ಕೊಟ್ಟು ನೋಡುವ. ಕೈ ಸುಧಾರಿಸಿದರೆ ಎರಡನೆಯದು. ಇಲ್ಲದಿದ್ದರೆ…" ಎಂದು ಪೆನ್ನಿನ ಮುಚ್ಚಳ ಹಾಕಿದರು. "ನಾಲ್ಕು ವಾರದ ನಂತರ ನಾನು ಅಳೆದು ನೋಡ್ತೇನೆ."

ಕಾಯಿಲೆಗಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಫೋನಿನಲ್ಲಿ ಹುಡುಕುತ್ತೀರಿ. ನಾನು ಹುಡುಕಿದ್ದೆ, ಮಂಗಳೂರಿನ ಪಂಪ್‌ವೆಲ್ಲಿನಿಂದ ಪುತ್ತೂರಿನವರೆಗೆ ಕಾರಿನಲ್ಲಿ ಕುಳಿತು. ಮನೆ ಮುಟ್ಟುವಾಗ ಇನ್ನು ಮೂರು ವರ್ಷ ಎಂಬ ಲೆಕ್ಕ ತಲೆಯಲ್ಲಿ ಕೂತಿತ್ತು. ಮನೆಯಲ್ಲಿ ನಾವಿಬ್ಬರೇ ಇರುವುದು. ಬಾಗಿಲು ತೆಗೆದು ಒಳಗೆ ಬಂದು ಇಬ್ಬರೂ ಚಪ್ಪಲಿ ಕಳಚದೆ ಸೋಫಾದಲ್ಲಿ ಕುಳಿತೆವು. ಜಯಂತ ಅತ್ತರು ಎಂದು ನನ್ನ ನೆನಪು. ಅತ್ತದ್ದು ನೀನು ಎಂದು ಅವರ ನೆನಪು.

ಸುದ್ದಿ ಕೇಳಿ ಕೊಲ್ಲಮೊಗ್ರಿನಿಂದ ಅವ್ವ ಬಂದರು. ಅಣ್ಣನ ಮನೆಯಲ್ಲಿ ಇರುವವರು, ಮೂರು ದಿನಕ್ಕೆಂದು ಬಂದು ಐದು ತಿಂಗಳು ಉಳಿದರು. ಚೀಲದಲ್ಲಿ ಉಳುಕು ತೆಗೆಯುವವರು ಕೊಟ್ಟ ಎಣ್ಣೆ ಇತ್ತು. ಮೂಗಿಗೆ ಹೊಡೆಯುವ ಆ ಎಣ್ಣೆಯನ್ನು ದಿನಕ್ಕೆರಡು ಸಲ ಮೊಣಕೈಯಿಂದ ಕೆಳಗೆ ತೀಡುತ್ತಿದ್ದರು. ತೀಡುವಾಗ ಬಾಯಿ ಸುಮ್ಮನಿರುತ್ತಿರಲಿಲ್ಲ.

"ಎಲ್ಲ ಆ ಸೈಕಲ್ ಬಂದ ಮೇಲೆಯೇ. ಗುಡ್ಡೆ ಹತ್ತಿ ಇಳಿದು ಕೈಯ ನರ ಎಲ್ಲ ಅಲುಗಾಡಿ ಹೋಗಿದೆ."

"ಹಾಗೆಲ್ಲ ಆಗುವುದಿಲ್ಲ ಅವ್ವ. ಡಾಕ್ಟರ ಹತ್ತಿರ ಕೇಳಿದ್ದೇನೆ."

"ಡಾಕ್ಟ್ರು ಸೈಕಲ್ ಬಿಟ್ಟಿದ್ದಾರಾ ಗುಡ್ಡೆಯಲ್ಲಿ?"

ಕೈ ಸರಿಯಾದರೆ ಬೆಳ್ಳಿಯ ಒಂದು ಕೈ ಮಾಡಿಸಿ ಒಪ್ಪಿಸುತ್ತೇನೆ ಎಂದು ಊರಿನ ದೇವಸ್ಥಾನಕ್ಕೆ ಹರಕೆ ಹೇಳಿಕೊಂಡದ್ದನ್ನೂ ಆಗಲೇ ತಿಳಿಸಿದರು. ನಾನು ಇಂಥದ್ದಕ್ಕೆ ನಗುವವಳು. ನಗಲಿಲ್ಲ. ಯಾವ ಬೆರಳೂ ಮಡಚಿರಬಾರದು, ಪೂರ್ತಿ ಬಿಡಿಸಿದ ಕೈಯೇ ಆಗಬೇಕು ಎಂದು ಹೇಳಬೇಕೆನಿಸಿತು.

ಸೈಕಲಿನಿಂದ ಬಂದದ್ದಲ್ಲ ಎಂದು ಓದಿ ತಿಳಿದವಳಿಗೂ ಒಳಗೊಳಗೆ ಅವ್ವನ ಮಾತು ಕೊರೆಯುತ್ತಿತ್ತು. ಇಷ್ಟು ವಯಸ್ಸಿಗೆ ಯಾಕೆ ಬೇಕಿತ್ತು? ಯಾರನ್ನು ಮೆಚ್ಚಿಸಲು? ಜಯಂತ ಒಂದು ದಿನ ಬ್ಯಾಟರಿಯ ಚಾರ್ಜರನ್ನು ತೆಗೆದು ಅಡಗಿಸಿಟ್ಟರು. ಕೇಳಿದರೆ, "ಎಲ್ಲಿ ಇಟ್ಟಿದ್ದೇನೆ ಅಂತ ನೆನಪಿಲ್ಲ" ಎಂದರು. ನೆನಪಿನ ವಿಷಯದಲ್ಲಿ ನನ್ನ ಹತ್ತಿರ ಸುಳ್ಳು ಹೇಳಬಾರದಿತ್ತು. ನಾನು ಕೂಗಾಡಿದೆ. "ನನ್ನನ್ನು ಈಗಲೇ ಮೂಲೆಗೆ ಕೂರಿಸಿದಿರಾ?" ಎಂದೆ. "ಮೂಲೆಗಲ್ಲ ಹೇಮಾ, ನೀನು ಮತ್ತೆ ಚರಂಡಿಗೆ ಬಿದ್ದರೆ ನಾನು…" ಎಂದು ಅವರು ನಿಲ್ಲಿಸಿದರು. ಅಂದಿನಿಂದ ಡೈರಿಯನ್ನು ಎಡಗೈಯಲ್ಲಿ ಬರೆಯಲು ತೊಡಗಿದ್ದೇನೆ. ಒಂದನೇ ಕ್ಲಾಸಿನ ಮಗುವಿನ ಅಕ್ಷರ.

ಆಸ್ಪತ್ರೆಗೆ ಸೇರಲು ಎರಡು ವಾರವಿತ್ತು. ನಾಲ್ಕು ವಾರ ಬಿಟ್ಟು ಅಳೆಯುತ್ತೇನೆ ಎಂದ ಡಾಕ್ಟರ ಮಾತು ನನಗೆ ನುಂಗಲಾರದ ತುತ್ತಾಗಿತ್ತು. ನನಗೆ ದಿನಾ ಅಳೆಯಬೇಕಿತ್ತು. ನಮ್ಮ ಗೇಟಿನಿಂದ ಅಂಗಳಕ್ಕೆ ಕಾಂಕ್ರೀಟಿನ ಒಂದು ಏರು ಉಂಟು. ಸೈಕಲನ್ನು ಅದರ ನಡುವೆ ನಿಲ್ಲಿಸಿ, ಎಡಗೈ ಬಿಟ್ಟು, ಬಲಗೈಯ ಬ್ರೇಕ್ ಒಂದನ್ನೇ ಹಿಡಿದು ಎಣಿಸುವುದು. ಕೈ ಸೋತ ಕೂಡಲೇ ಸೈಕಲ್ ಹಿಂದಕ್ಕೆ ಉರುಳುತ್ತದೆ. ಇದಕ್ಕೆ ಡಾಕ್ಟರೂ ಬೇಡ, ಚಾರ್ಜರೂ ಬೇಡ. ಏಳು ಎಣಿಸುವವರೆಗೆ ಹಿಡಿಯಬಲ್ಲೆ. ಪ್ರತಿದಿನ ಬೆಳಿಗ್ಗೆ ಏಳು. ಒಂದು ದಿನ ಆರು. ಆ ದಿನ ಕಾಲೇಜಿಗೆ ರಜೆ ಹಾಕಿದೆ.

ಐದು ದಿನದ ಡ್ರಿಪ್ಪಿನ ಬಗ್ಗೆ ಹೇಳುವಂಥದ್ದು ಕಡಿಮೆ. ತಲೆನೋವು, ಚಳಿ, ಬಾಟಲಿಯೊಳಗೆ ನೊರೆ ಏಳದ ಹಾಗೆ ನಿಧಾನಕ್ಕೆ ತಿರುಗಿಸುತ್ತಿದ್ದ ನರ್ಸಮ್ಮ. ಖರ್ಚಿನ ಕಥೆ ಬೇರೆಯೇ, ಅದನ್ನು ಇಲ್ಲಿ ತರುವುದಿಲ್ಲ. ಮೂರನೇ ದಿನ ಜಯಂತ ಬಂದು, "ಚಾರ್ಜರ್ ಸಿಕ್ಕಿತು" ಎಂದರು. ಸೈಕಲಿನ ಟಯರಿಗೆ ಮುಳ್ಳು ಹೊಕ್ಕಿತ್ತು, ಹನೀಫಾಕನ ಅಂಗಡಿಗೆ ಕೊಟ್ಟಿದ್ದೇನೆ, ನೀನು ಬರುವಾಗ ತಯಾರಿರುತ್ತದೆ ಎಂದರು. ನಾನು ಅವರ ಕೈ ಹಿಡಿದೆ. ಹಿಡಿದದ್ದು ಎಡಗೈಯಲ್ಲಿ.

ಮನೆಗೆ ಬಂದ ಮರುದಿನ ಬೆಳಿಗ್ಗೆ ಏರಿನಲ್ಲಿ ಸೈಕಲ್ ನಿಲ್ಲಿಸಿ ಎಣಿಸಿದೆ. ಏಳು ದಾಟಿತು. ಹತ್ತು ದಾಟಿತು. ಹದಿನೆಂಟಕ್ಕೆ ಗಟ್ಟಿಯಾಗಿ ಎಣಿಸತೊಡಗಿದೆ. ಇಪ್ಪತ್ತಮೂರಕ್ಕೆ ಸೈಕಲ್ ಉರುಳಿತು. ನಾನು ಅಲ್ಲೇ ಕಾಂಕ್ರೀಟಿನ ಮೇಲೆ ಕೂತೆ. ಅವ್ವ ಒಳಗಿನಿಂದ ಓಡಿ ಬಂದು ಬಿದ್ದೆನೆಂದು ಎತ್ತಲು ನೋಡಿದರು.

"ಇಪ್ಪತ್ತಮೂರು ಅವ್ವ," ಎಂದೆ.

ಮರುದಿನ ಇಪ್ಪತ್ತೈದು. ಜಯಂತ ಕಡಬದಲ್ಲಿರುವ ತಮ್ಮ ಆಫೀಸಿನಿಂದ ಮಧ್ಯಾಹ್ನವೇ ಬಂದರು, ಸ್ವೀಟ್ ಬಾಕ್ಸ್ ಹಿಡಿದು. ಅವ್ವ ಅಣ್ಣನಿಗೆ ಫೋನ್ ಮಾಡಿ ಅಕ್ಕಸಾಲಿಗನಿಗೆ ಹೇಳಲು ಹೇಳಿದರು. ಕಾಯುವ ಕೋಣೆಯಲ್ಲಿ ಸಿಕ್ಕಿದ ಆ ಹೆಂಗಸಿನ ಮುಖ ಎರಡು ದಿನ ನನ್ನ ಕಣ್ಣಿಗೆ ಬರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬರಲಿಲ್ಲ.

ಮೂರನೇ ದಿನ ಹನೀಫಾಕನ ಫೋನ್.

"ಹೇಗಿದ್ದೀರಿ ಟೀಚರೇ? ಬ್ರೇಕ್ ಈಗ ಹಗುರ ಆಯ್ತಲ್ಲ?"

"ಯಾಕೆ?"

"ಪಂಕ್ಚರಿಗೆ ಬಂದಾಗ ನೋಡಿದೆ. ವಾಯರ್ ಸ್ವಲ್ಪ ತುಕ್ಕು ಹಿಡಿದಿತ್ತು. ಹೊಸದು ಹಾಕಿ, ಎಣ್ಣೆ ಬಿಟ್ಟು, ಸ್ಪ್ರಿಂಗ್ ಲೂಸ್ ಮಾಡಿದ್ದೇನೆ. ನಿಮ್ಮ ಕೈಗೆ ಕಷ್ಟ ಆಗ್ಬಾರ್ದು ಅಂತ. ನನ್ನ ಮೊಮ್ಮಗಳು ಒಂದು ಬೆರಳಲ್ಲಿ ಹಿಡಿತಾಳೆ ಈಗ."

ಆ ಮೇಲೆ ನಾನು ಏನು ಹೇಳಿದೆ? ನನ್ನ ನೆನಪಿನಲ್ಲಿ ಬಹಳ ಕೆಟ್ಟ ಮಾತು ಹೇಳಿದ್ದೇನೆ. ಯಾರು ಕೇಳಿದ್ದು ನಿಮ್ಮ ಹತ್ತಿರ, ನನ್ನನ್ನು ಕೊಂದುಬಿಟ್ಟಿರಿ ಎಂದು. ಹನೀಫಾಕ ಈಗಲೂ ಹೇಳುತ್ತಾರೆ, ನೀವು ಏನೂ ಹೇಳಲಿಲ್ಲ, ಫೋನ್ ಇಟ್ಟಿರಿ ಅಷ್ಟೇ ಎಂದು. ಅವರು ಸುಳ್ಳು ಹೇಳುತ್ತಿರಬಹುದು. ಬ್ರೇಕ್ ಹಗುರ ಮಾಡಿದವರು, ನೆನಪನ್ನೂ ಹಗುರ ಮಾಡಲಾರರೇ?

ಫೋನ್ ಇಟ್ಟು ಏರಿಗೆ ಹೋಗಿ ನಿಂತೆ. ಇಪ್ಪತ್ತಮೂರು ನನ್ನದಲ್ಲ. ಅದರಲ್ಲಿ ನನ್ನದು ಎಷ್ಟು, ವಾಯರಿನದು ಎಷ್ಟು? ಒಂದೂ ನನ್ನದಲ್ಲದಿರಬಹುದು. ಆ ಸಂಜೆ ನಾನು ಊಟ ಮಾಡಲಿಲ್ಲ. ಅವ್ವ ಕಲಸಿ ಬಾಯಿಗಿಡಲು ಬಂದರು. ಆ ಕೈ ಬಾಯಿಯ ಹತ್ತಿರ ಬಂದದ್ದೇ ನಾನು ಕಿರುಚಿದೆ. ಹಾಗೆ ತಿನ್ನಿಸುವ ದಿನಕ್ಕೆ ಇನ್ನೂ ಸಮಯವಿದೆ, ಈಗಲೇ ಸುರು ಮಾಡಬೇಡಿ ಎಂದು. ಅವ್ವ ತುತ್ತನ್ನು ತಟ್ಟೆಗೆ ಹಾಕಿ ಒಳಗೆ ಹೋದರು. ಅಡುಗೆ ಮನೆಯ ನಳ್ಳಿ ಬಹಳ ಹೊತ್ತು ಸುಮ್ಮನೆ ಸುರಿಯುತ್ತಿತ್ತು.

ಜಯಂತನಿಗೆ ಮೊದಲೇ ಗೊತ್ತಿತ್ತೇ? ಸೈಕಲ್ ತರುವಾಗ ಹನೀಫಾಕ "ಸ್ವಲ್ಪ ಸರ್ವೀಸ್ ಮಾಡಿದ್ದೇನೆ" ಎಂದಿದ್ದರಂತೆ. ಬ್ರೇಕಿನದು ಎಂದು ತನಗೆ ಗೊತ್ತಿರಲಿಲ್ಲ ಎಂದರು. ಸ್ವೀಟ್ ತರುವಾಗ ಅವರ ಮುಖ ಹೇಗಿತ್ತೆಂದು ಎಷ್ಟು ಯೋಚಿಸಿದರೂ ಹಿಡಿತಕ್ಕೆ ಬರುವುದಿಲ್ಲ. ಕೇಳುವುದನ್ನು ಬಿಟ್ಟಿದ್ದೇನೆ.

ಮರುದಿನ ಬೆಳಿಗ್ಗೆ ಹನೀಫಾಕ ಅಂಗಡಿ ತೆರೆಯದೆ ನಮ್ಮ ಮನೆಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ತೊಟ್ಟೆ. ಅದರಲ್ಲಿ ಸುರುಳಿ ಸುತ್ತಿದ ಹಳೆಯ ವಾಯರ್. ಜಯಂತ ಫೋನಿನಲ್ಲಿ ಎಲ್ಲ ತಿಳಿಸಿದ್ದರಂತೆ. ಅವರು ಒಳಗೆ ಬರಲಿಲ್ಲ, ಕುರ್ಚಿ ಕೊಟ್ಟರೂ ಕೂರಲಿಲ್ಲ.

"ನೀವು ಅದ್ರಲ್ಲಿ ಕೈ ಅಳೀತೀರಿ ಅಂತ ನಂಗೆ ಹೇಗೆ ಗೊತ್ತಾಗ್ಬೇಕು ಟೀಚರೇ?" ಎಂದರು. "ಗೊತ್ತಿದ್ರೆ ಮುಟ್ಟುತ್ತಿದ್ನಾ?"

ಅವರು ಏರಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತು ಹೊಸ ವಾಯರ್ ಎಳೆದರು, ತುಕ್ಕಿನದನ್ನು ತೂರಿಸಿದರು, ಸ್ಪ್ರಿಂಗನ್ನು ಮೊದಲಿನ ಜಾಗಕ್ಕೆ ತಂದರು. ತಮ್ಮ ಬದುಕಿನಲ್ಲಿ ಒಂದು ಬ್ರೇಕನ್ನು ಬೇಕೆಂದೇ ಕೆಡಿಸಿದ್ದು ಅದೇ ಮೊದಲು ಇರಬೇಕು. ಎರಡು ಮೂರು ಸಲ ಒತ್ತಿ ನೋಡಿ, "ಇಷ್ಟೇ ಗಟ್ಟಿ ಇತ್ತು" ಎಂದರು.

"ಸರಿಯಾಗಿ ಇಷ್ಟೇಯಾ?"

ಅವರು ತಲೆ ಎತ್ತಿದರು. "ಅಂದಾಜು," ಎಂದರು. "ಸುಳ್ಳು ಹೇಳ್ಲಿಕ್ಕೆ ಆಗುದಿಲ್ಲ. ಅಂದಾಜು."

ಎಲ್ಲರೂ ನೋಡುತ್ತಿದ್ದರು. ಅವ್ವ ಬಾಗಿಲಲ್ಲಿ, ಜಯಂತ ಗೇಟಿನ ಹತ್ತಿರ, ಹನೀಫಾಕ ಕೂತಲ್ಲೇ. ಬ್ರೇಕ್ ಹಿಡಿದು ಎಣಿಸಿದೆ. ಎಂಟು.

ಎಂಟು ಎಂದರೆ ಏನು? ಏಳಕ್ಕಿಂತ ಒಂದು ಹೆಚ್ಚು. ಅಥವಾ ನಾನು ಸ್ವಲ್ಪ ಬೇಗ ಎಣಿಸಿದೆ. ಅಥವಾ ಸ್ಪ್ರಿಂಗ್ ಒಂದು ಕೂದಲಿನಷ್ಟು ಸಡಿಲವಿತ್ತು. ನನ್ನ ಅಳತೆಗೋಲು ಮುರಿದುಹೋಗಿತ್ತು. ಮುರಿದವರು ನನ್ನ ಮೇಲೆ ಅಕ್ಕರೆ ಇದ್ದವರು. ಹನೀಫಾಕ ತೊಟ್ಟೆ ಮಡಚಿ ಕಿಸೆಗೆ ಹಾಕಿಕೊಂಡು ಹೊರಟರು. ಅವ್ವ ಚಾ ತರುವಷ್ಟರಲ್ಲಿ ರಸ್ತೆಯ ತಿರುವು ದಾಟಿದ್ದರು.

ಆ ನಂತರದ ಮೂರು ವಾರಗಳೇ ಈ ಕಾಯಿಲೆಯ ಅತ್ಯಂತ ಕೆಟ್ಟ ಭಾಗ. ಡೈರಿಯಲ್ಲಿ ಬರೇ ಅಂಕಿಗಳಿವೆ. ಎಂಟು, ಎಂಟು, ಏಳು, ಒಂಬತ್ತು, ಎಂಟು. ದಿನಕ್ಕೊಂದಲ್ಲ. ಕೆಲವು ದಿನ ಹನ್ನೆರಡು ಸಲ ಅಳೆದಿದ್ದೇನೆ. ಅಳೆದು ಅಳೆದು ಕೈ ಸೋತು ಮೂರಕ್ಕೆ ಇಳಿದ ದಿನ, ಸೋತದ್ದಕ್ಕೆ ಕಾರಣ ಕಾಯಿಲೆಯೋ ಅಳತೆಯೋ ತಿಳಿಯದೆ ಗೇಟಿಗೆ ತಲೆ ಆನಿಸಿ ನಿಂತದ್ದು ನೆನಪಿದೆ. ಕ್ಲಾಸಿನಲ್ಲಿ ಬೋರ್ಡಿಗೆ ಬರೆಯುವುದನ್ನು ಬಿಟ್ಟು ಬಾಯಲ್ಲೇ ಹೇಳತೊಡಗಿದ್ದೆ. ಮಕ್ಕಳು ಯಾಕೆಂದು ಕೇಳಲಿಲ್ಲ, ಮುಂದಿನ ಬೆಂಚಿನ ಹುಡುಗಿಯೊಬ್ಬಳು ತಾನಾಗಿ ಎದ್ದು ಬಂದು ತಾರೀಖು ಬರೆದು ಕೂತಳು. ಎಡ ಕಾಲು ಜೋಮು ಹಿಡಿದರೆ ಅದೂ ಸುರುವಾಯಿತು ಎಂದು ಬೆವರುತ್ತಿದ್ದೆ. ನೀರು ನೆತ್ತಿಗೇರಿದರೆ, ನುಂಗುವುದೂ ಹೋಯಿತು ಎಂದು. ಒಂದು ದಿನ ಜಯಂತನಿಗೆ, ಬಾಯಿ ಒರೆಸುವ ಸ್ಥಿತಿ ಬಂದರೆ ನನ್ನನ್ನು ಎಲ್ಲಾದರೂ ಬಿಟ್ಟುಬಿಡಿ ಎಂದೆ. "ಎಲ್ಲಿ ಬಿಡುದು?" ಎಂದರು ಅವರು. "ಕಡಬ ಬಸ್‌ಸ್ಟ್ಯಾಂಡಲ್ಲಾ?" ನಾನು ನಕ್ಕೆ. ನಗು ನಿಲ್ಲದೆ, ಅದು ಬೇರೆ ಏನೋ ಆಗುವವರೆಗೆ ಅವರು ಬೆನ್ನು ಸವರುತ್ತಾ ಕೂತರು.

ಡ್ರಿಪ್ ಮುಗಿದು ಹತ್ತೊಂಬತ್ತನೇ ದಿನವೋ ಇಪ್ಪತ್ತನೆಯದೋ, ಚಾ ಕುಡಿದು ಲೋಟ ಕೆಳಗಿಟ್ಟೆ. ಅವ್ವ ತೀಡುವ ಎಣ್ಣೆಯ ಬಾಟಲಿ ಹಿಡಿದು ನಿಂತವರು ನಿಂತೇ ಇದ್ದರು.

"ಇನ್ನೊಮ್ಮೆ ಇಡು."

"ಏನು?"

"ಲೋಟ. ಇನ್ನೊಮ್ಮೆ ಇಡು. ಈಗ ಎಡಗೈಯ ಸಹಾಯ ಇಲ್ಲದೆ ಬಿಟ್ಟೆ ನೀನು."

ಹಿಡಿಯುವುದಕ್ಕಿಂತ ಬಿಡುವುದೇ ನನಗೆ ಕಷ್ಟವಾಗಿತ್ತು. ಹಿಡಿದ ಲೋಟದಿಂದ ಬೆರಳುಗಳನ್ನು ಎಡಗೈಯಲ್ಲಿ ಬಿಡಿಸಿ ತೆಗೆಯಬೇಕಿತ್ತು, ತಿಂಗಳುಗಳಿಂದ. ಮತ್ತೆ ಹಿಡಿದು ಇಟ್ಟೆ. ಉಂಗುರಬೆರಳು ಅಂಟಿಕೊಂಡಿತು. ಮತ್ತೊಮ್ಮೆ. ಅಂಟಿಕೊಂಡಿತು. ಅವ್ವ ನನ್ನ ಪಕ್ಷದ ಸಾಕ್ಷಿ, ನಂಬುವ ಹಾಗಿಲ್ಲ ಎಂದು ನನ್ನಷ್ಟಕ್ಕೆ ಹೇಳಿಕೊಂಡೆ. ಜಯಂತನಿಗೆ ಹೇಳಬೇಡಿ ಎಂದು ಅವ್ವನಿಂದ ಮಾತು ತೆಗೆದುಕೊಂಡೆ. ಇನ್ನೊಂದು ಸ್ವೀಟ್ ಬಾಕ್ಸನ್ನು ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ. ಎಂಟು ದಿನ ನಾವಿಬ್ಬರೂ ಕಳ್ಳರ ಹಾಗೆ ಲೋಟ ನೋಡುತ್ತಾ ಕಳೆದೆವು.

ನಾಲ್ಕು ವಾರ ತುಂಬಿ ಮಂಗಳೂರಿಗೆ ಹೋದಾಗ ಡಾಕ್ಟರು ಬಲ ಅಳೆಯುವ ಒಂದು ಸಣ್ಣ ಹಿಡಿಯನ್ನು ಕೈಗೆ ಕೊಟ್ಟು ಒತ್ತಿಸಿದರು. ಬರೆದುಕೊಂಡರು. ಅಂಗೈ ಮೇಜಿಗೆ ಒರಗಿಸಿ ಬೆರಳುಗಳನ್ನು ಒಂದೊಂದಾಗಿ ಎತ್ತಲು ಹೇಳಿದರು. ತೋರುಬೆರಳು. ನಡುಬೆರಳು. ಉಂಗುರಬೆರಳು, ಅರ್ಧ. ಕಿರುಬೆರಳು ಏಳಲಿಲ್ಲ. ಹಳೆಯ ಚೀಟಿ ತಿರುಗಿಸಿ ನೋಡಿದರು. ಅವರು "ಇದು ಮದ್ದಿಲ್ಲದ ಕಾಯಿಲೆ ಅಲ್ಲ" ಎಂದರೆಂದು ನನ್ನ ನೆನಪು. ಜಯಂತನ ಪ್ರಕಾರ ಡಾಕ್ಟರು ಹೇಳಿದ್ದು "ಡ್ರಿಪ್ ಮುಂದುವರಿಸುವ" ಎಂದು ಮಾತ್ರ. ಡೈರಿಯಲ್ಲಿ, ಎಡಗೈಯ ಸೊಟ್ಟ ಅಕ್ಷರದಲ್ಲಿ, "ಮುಂದುವರಿಸುವುದು" ಎಂದಷ್ಟೇ ಇದೆ. ಹೊರಗೆ ಬಂದು ಕಾಯುವ ಕೋಣೆಯಲ್ಲಿ ಆ ಗಂಡ ಹೆಂಡತಿಯನ್ನು ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ಏನು ಹೇಳುತ್ತಿದ್ದೆ?

ಇದಾಗಿ ಒಂದೂವರೆ ವರ್ಷವಾಯಿತು. ಗುಣವಾಗಲಿಲ್ಲ, ಗುಣವಾಗುವ ಕಾಯಿಲೆಯೂ ಅಲ್ಲ. ನಾಲ್ಕು ವಾರಕ್ಕೊಮ್ಮೆ ಎರಡು ದಿನ ಡ್ರಿಪ್. ಮೊದಲ ವಾರ ಕಳೆದ ಮೇಲೆ ಕೈ ಬರುತ್ತದೆ, ಎರಡು ವಾರ ಇರುತ್ತದೆ, ಕೊನೆಯ ವಾರ ಮತ್ತೆ ಇಳಿಯುತ್ತದೆ. ಎಂದರೆ ತಿಂಗಳಿಗೊಮ್ಮೆ ನಾನು ಮೊದಲಿನಿಂದ ಕಾಯಿಲೆ ಬೀಳುತ್ತೇನೆ. ಈ ಸಲ ಬಾರದಿದ್ದರೆ ಎಂಬ ಹೆದರಿಕೆ ಒಂದು ತಿಂಗಳೂ ತಪ್ಪಿಸಿಲ್ಲ. ಹನೀಫಾಕ ಎರಡೂ ಬ್ರೇಕನ್ನು ಎಡಗೈಯ ಒಂದೇ ಲಿವರಿಗೆ ಜೋಡಿಸಿ ಕೊಟ್ಟಿದ್ದಾರೆ. ಕೈ ಇರುವ ವಾರಗಳಲ್ಲಿ ಬೀರಮಲೆ ಹತ್ತುತ್ತೇನೆ. ಇಳಿಯುವಾಗ ಹೆಚ್ಚಾಗಿ ತಳ್ಳಿಕೊಂಡೇ ಬರುತ್ತೇನೆ. ಕಂಡವರು "ಎಂತ ಟೀಚರೇ, ಚಾರ್ಜ್ ಖಾಲಿಯಾ?" ಎನ್ನುತ್ತಾರೆ. ಹೌದು ಎನ್ನುತ್ತೇನೆ.

ಕಳೆದ ಸಲ ವಾರ್ಡಿನಲ್ಲಿ ಪಕ್ಕದ ಹಾಸಿಗೆಗೆ ಹೊಸಬರೊಬ್ಬರು ಬಂದಿದ್ದರು. ಸುಳ್ಯದ ಕಡೆಯವರು, ರಬ್ಬರ್ ಟ್ಯಾಪಿಂಗ್ ಮಾಡುವವರು. ನನ್ನದೇ ಎರಡರಲ್ಲೊಂದು, ನನ್ನದೇ ಐದು ದಿನ. ಕತ್ತಿ ಮೊಂಡಾಯಿತೆಂದು ಆರು ತಿಂಗಳು ಮಸೆದದ್ದಂತೆ. ನಾನು ಹೊರಡುವ ಹಿಂದಿನ ಸಂಜೆ, ಅವರ ಹೆಂಡತಿ ಚಾ ತರಲು ಹೋದ ಹೊತ್ತಿಗೆ, ಅವರು ಬಲಗೈಯನ್ನು ನನ್ನ ಕಡೆ ಚಾಚಿ ಹಾಸಿಗೆಯ ಅಂಚಿನಲ್ಲಿಟ್ಟರು.

"ಅಕ್ಕಾ, ನೀವು ಅನುಭವದವರು. ಒಮ್ಮೆ ನೋಡಿ. ಈ ಬೆರಳು ನಿನ್ನೆಗಿಂತ ಸ್ವಲ್ಪ ಮೇಲೆ ಬರ್ತದಾ? ಇವಳು ಬರ್ತದೆ ಹೇಳ್ತಾಳೆ."

ಅವರು ಎತ್ತಿದರು. ಹಣೆಯ ನರ ಉಬ್ಬುವಷ್ಟು ಬಲ ಹಾಕಿ ಎತ್ತಿದರು. ನಾನು ಡ್ರಿಪ್ಪಿನ ಕೈಯನ್ನು ಹಿಡಿದುಕೊಂಡು ಬಗ್ಗಿ, ಬೆರಳಿನ ಮಟ್ಟಕ್ಕೆ ಕಣ್ಣು ತಂದು, ಬಹಳ ಹೊತ್ತು ನೋಡಿದೆ. ಬರುತ್ತದೆ ಎಂಬ ಮಾತು ನಾಲಗೆಯ ತುದಿಯಲ್ಲಿತ್ತು.

"ಇವತ್ತು ಇಲ್ಲ," ಎಂದೆ.

ಅವರ ಮುಖ ಇಳಿಯಿತು. ನಾನು ಅವರ ಕೈಯನ್ನು ಅಲ್ಲಿಂದ ತೆಗೆಯಲು ಬಿಡಲಿಲ್ಲ.

"ನನಗೂ ಐದನೇ ದಿನಕ್ಕೆ ಏನೂ ಬಂದಿರಲಿಲ್ಲ. ನಾಳೆ ಹೊರಡುವ ಮೊದಲು ಮತ್ತೆ ನೋಡುತ್ತೇನೆ. ಬಂದರೆ ಬಂತು ಅಂತ ಹೇಳ್ತೇನೆ, ಇಲ್ಲದಿದ್ದರೆ ಇಲ್ಲ ಅಂತ."

ಅವರು ಮಡಚಿದ ಬೆರಳನ್ನು ಒಮ್ಮೆ ನೋಡಿಕೊಂಡರು.

"ಎಷ್ಟು ಗಂಟೆಗೆ ಹೊರಡುದು ನೀವು?" ಎಂದು ಕೇಳಿದರು.